ಬಗ್ಗಬೇಡಿ ಎಂಬ ಚೀಟಿ

"ಇನ್ನೂ ಆ ಕಬ್ಬಿಣ ಎತ್ತುವುದನ್ನು ಬಿಟ್ಟಿಲ್ಲವೇನ್ರೀ ನೀವು? ಸೊಂಟ ಮುರಿದುಕೊಂಡರೂ ಬುದ್ಧಿ ಬರಲಿಲ್ಲವಲ್ಲ!" ಕಳೆದ ತಿಂಗಳು ನಮ್ಮ ಬಳಗದ ಗೋಷ್ಠಿ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಮಿತ್ರರೊಬ್ಬರು ಹೀಗೆಂದರು. ಅವರ ದನಿಯಲ್ಲಿ ಇದ್ದುದು ಅಕ್ಕರೆಯೇ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ನಡೆದು ಬರುವಾಗ ಆ ಮಾತು ಜೊತೆಯಲ್ಲೇ ಬಂದಿತು. ನನ್ನ ಸೊಂಟ ಎಂದೂ ಮುರಿದಿರಲಿಲ್ಲ. ಮುರಿದಿದೆಯೆಂದು ನಂಬಿ ಏಳು ತಿಂಗಳು ಬದುಕಿದ್ದೆ, ಅಷ್ಟೆ. ಭಾರ ಎತ್ತುವಾಗ ಬಂದ ನೋವಿಗಿಂತ, ಆ ನೋವಿನ ಹೆಸರಿನಲ್ಲಿ ನನಗೆ ಹಂಚಲಾದ ಭಯ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಚಹಾದ ಕಪ್ಪು ಹಿಡಿದು ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೇಂದ್ರ ಸರ್ಕಾರದ ನೌಕರ. ಊರು ವಿಜಯಪುರ, ಕೋಥರೂಡಿಗೆ ಬಂದು ನೆಲೆಸಿ ಹದಿನಾಲ್ಕು ವರ್ಷವಾಯಿತು. ದಿನದ ಎಂಟು ತಾಸು ಕುರ್ಚಿಯಲ್ಲಿ, ಕಡತಗಳ ಮುಂದೆ. 2022ರ ಆರಂಭದಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ರಕ್ತದ ಸಕ್ಕರೆ ಗಡಿ ಮುಟ್ಟಿತು. ನಡೆಯಿರಿ ಎಂದರು. ಮ್ಹಾತೋಬಾ ಗುಡ್ಡ ಹತ್ತಿಳಿದೆ. ಎರಡು ತಿಂಗಳಿಗೆ ಬೇಸರ ಬಂತು. ಸಹೋದ್ಯೋಗಿಯೊಬ್ಬರ ಮಗ ಪೌಡ ರಸ್ತೆಯ ಒಂದು ಗಲ್ಲಿಯಲ್ಲಿರುವ ಜಿಮ್ಮಿಗೆ ಕರೆದೊಯ್ದ. ಅಲ್ಲಿನ ಹುಡುಗರೆಲ್ಲ ನನ್ನನ್ನು 'ಕಾಕಾ' ಎಂದು ಕರೆದರು. ತರಬೇತುದಾರ ಇಪ್ಪತ್ತು ಕಿಲೋದ ಖಾಲಿ ಬಾರನ್ನು ಕೈಗಿತ್ತ. ಕನ್ನಡಿಗನಿಗೆ ಬಾರ್ ಎಂಬ ಶಬ್ದವೇ ಭಾರವೆಂದು ಕೇಳಿಸುವುದು ಸಹಜ. ಆ ಮೊದಲ ದಿನ ಅದು ನಿಜವೂ ಆಗಿತ್ತು.

ಬಾರ್ಬೆಲ್ಲಿನ ಸುಖವನ್ನು ಅದನ್ನು ಎತ್ತದವರಿಗೆ ವಿವರಿಸುವುದು ಕಷ್ಟ. ಕಚೇರಿಯಲ್ಲಿ ನಾನು ಬರೆದ ಟಿಪ್ಪಣಿ ನಾಲ್ಕು ಮೇಜು ದಾಟಿ ಐದನೆಯದರಲ್ಲಿ ಮಲಗುತ್ತದೆ. ಕೆಲಸವಾಯಿತೋ ಇಲ್ಲವೋ ಎಂದು ವರ್ಷಗಟ್ಟಲೆ ತಿಳಿಯುವುದಿಲ್ಲ. ಬಾರ್ ಹಾಗಲ್ಲ. ಎದ್ದಿತು ಅಥವಾ ಏಳಲಿಲ್ಲ. ಅದರಲ್ಲೂ ಡೆಡ್‌ಲಿಫ್ಟ್ ನನಗೆ ಹಿಡಿಸಿತು: ನೆಲದ ಮೇಲಿರುವ ಬಾರನ್ನು ಎರಡೂ ಕೈಗಳಲ್ಲಿ ಹಿಡಿದು ನೆಟ್ಟಗೆ ನಿಲ್ಲುವುದು, ಮತ್ತೆ ನೆಲಕ್ಕಿಳಿಸುವುದು. ಮರೆಮಾಚಲು ಅದರಲ್ಲಿ ಏನೂ ಇಲ್ಲ. ಮೊದಲ ತಿಂಗಳು ನಲವತ್ತು ಕಿಲೋ, ವರ್ಷ ತುಂಬುವ ಹೊತ್ತಿಗೆ ನೂರು, ಮುಂದಿನ ಬೇಸಿಗೆಗೆ ನೂರಿಪ್ಪತ್ತೈದು. ಸಕ್ಕರೆ ಇಳಿಯಿತು. ಎದೆ ತುಸು ಉಬ್ಬಿತು. ತಲೆಯೊಳಗೂ ಏನೋ ಉಬ್ಬಿತೆಂದು ಈಗ ತಿಳಿಯುತ್ತದೆ.

2023ರ ಜುಲೈ. ಊರಿಗೆ ಹೋಗಿ ಅವ್ವನನ್ನು ನೋಡಿಕೊಂಡು ರಾತ್ರಿ ಬಸ್ಸಿನಲ್ಲಿ ಸೊಲ್ಲಾಪುರದ ಮೇಲಿಂದ ಮರಳಿದೆ. ಸುಮಾರು ಮುನ್ನೂರೈವತ್ತು ಕಿಲೋಮೀಟರು, ಮಂಡಿ ಮುಂದಿನ ಸೀಟಿಗೆ ತಾಗುವ ಹಾಗೆ ಮುದುಡಿ ಕುಳಿತು. ಬೆಳಗಿನ ಐದೂವರೆಗೆ ಇಳಿದವನು ಮನೆಗೆ ಹೋಗಿ ಚೀಲ ಇಟ್ಟು ನೇರವಾಗಿ ಜಿಮ್ಮಿಗೆ ನಡೆದೆ. ಅಂದು ನೂರಮೂವತ್ತು ಎತ್ತುವ ದಿನವೆಂದು ವಹಿಯಲ್ಲಿ ಬರೆದುಕೊಂಡಿದ್ದೆ. ಬರೆದದ್ದನ್ನು ಮೀರುವುದು ಸರ್ಕಾರಿ ನೌಕರನಿಗೆ ಆಗದ ಮಾತು. ಬಾರ್ ನೆಲ ಬಿಟ್ಟಿತು, ಮೊಣಕಾಲಿನ ಕೆಳಗೆ ನಿಂತಿತು, ಕಾಲಿನಿಂದ ಎರಡು ಬೆರಳಷ್ಟು ಮುಂದಕ್ಕೆ ಸರಿಯಿತು. ಬಿಡಬಹುದಿತ್ತು. ಇಬ್ಬರು ಹುಡುಗರು ನೋಡುತ್ತಿದ್ದರು. ಎಳೆದೆ. ಸೊಂಟದ ಎಡಗಡೆ ಚಳಕು ಹೊಡೆಯಿತು. ಮರುಕ್ಷಣ ಕರಿ ರಬ್ಬರಿನ ಹಾಸಿನ ಮೇಲೆ ಅಂಗಾತ ಮಲಗಿ ಛಾವಣಿಯ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದೆ.

ರಿಕ್ಷಾದಲ್ಲಿ ಮನೆ ತಲುಪಿ ಮೂರು ಮಹಡಿ ಹತ್ತಿದ್ದು ಬೇರೆಯೇ ಕತೆ. ಪಕ್ಕದ ಮನೆಯ ಆಜಿ ಬಂದು ನೋಡಿ 'ಉಸಣ' ತುಂಬಿದೆ ಎಂದರು. ಅವರ ಸೊಸೆ ಪಾಯಾಳೂ, ಅಂದರೆ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರ ಕಾಲು ಸೋಕಿದರೆ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಕಡೆಯೂ ಉಂಟು. ಆ ಹೆಣ್ಣುಮಗಳು ನಾಚಿಕೊಂಡೇ ನನ್ನ ಬೆನ್ನಿಗೆ ಮೂರು ಸಲ ಪಾದ ಮುಟ್ಟಿಸಿ, ಮೂರು ಸಲವೂ ಕ್ಷಮೆ ಕೇಳಿದಳು. ನೋವು ಹೋಗಲಿಲ್ಲ. ಆದರೆ ಅಂದಿನಿಂದ ಮುಂದೆ ನನಗೆ ದೊರೆತ ಹಲವು ಚಿಕಿತ್ಸೆಗಳಲ್ಲಿ ಯಾವ ಕೆಡುಕನ್ನೂ ಮಾಡದಿದ್ದುದು ಬಹುಶಃ ಇದೊಂದೇ.

ವೈದ್ಯರು ಎಂ.ಆರ್.ಐ. ಬರೆದರು. ವರದಿಯಲ್ಲಿ ಎಲ್-4 ಮತ್ತು ಎಲ್-5ರ ನಡುವೆ ಡಿಸ್ಕ್ ಉಬ್ಬಿದೆ, ಸವೆತ ಕಾಣುತ್ತದೆ ಎಂದಿತ್ತು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, ನಾಲಗೆಯಲ್ಲಿ ಲೊಚಗುಟ್ಟಿ, ಚೀಟಿ ಬರೆದರು. ಮುಂದೆ ಬಗ್ಗಬೇಡಿ. ನೆಲದ ಮೇಲೆ ಕೂರಬೇಡಿ. ಐದು ಕಿಲೋಗಿಂತ ಹೆಚ್ಚು ಎತ್ತಬೇಡಿ. ಜಿಮ್ ಕಾಯಂ ಬಂದ್. ಎಷ್ಟು ದಿನ ಎಂದು ಕೇಳಿದೆ. "ಬೆನ್ನು ಒಂದೇ ಇರುವುದು" ಎಂಬ ಉತ್ತರ ಬಂತು. ನೋವು ಎರಡನೆಯ ವಾರದಲ್ಲೇ ಬಹುಪಾಲು ಇಳಿಯಿತು. ಚೀಟಿ ಮಾತ್ರ ಇಳಿಯಲಿಲ್ಲ.

ನಿಯಮವನ್ನು ಅಕ್ಷರಶಃ ಓದುವುದು ನನ್ನ ವೃತ್ತಿದೋಷ. ಕಿರಾಣಿ ಅಂಗಡಿಯಲ್ಲಿ ಐದು ಕಿಲೋದ ಹಿಟ್ಟಿನ ಚೀಲದ ಮುಂದೆ ನಿಂತು, 'ಐದಕ್ಕಿಂತ ಹೆಚ್ಚು' ಎಂದರೆ ಐದು ಸೇರಿತೇ ಇಲ್ಲವೇ ಎಂದು ಯೋಚಿಸಿದ್ದೇನೆ. ಬೂಟಿನ ಲೇಸನ್ನು ಮಗಳು ಕಟ್ಟುತ್ತಿದ್ದಳು. ಸ್ನಾನದ ಬಕೆಟ್ಟನ್ನು ಹೆಂಡತಿ ತುಂಬಿಡುತ್ತಿದ್ದಳು. ಕಚೇರಿಗೆ ಸೊಂಟಪಟ್ಟಿ ಬಿಗಿದುಕೊಂಡು ಹೋಗುತ್ತಿದ್ದೆ. ವೈದ್ಯಕೀಯ ರಜೆಯಿಂದ ಮರಳುವವನು ಕೆಲಸಕ್ಕೆ ಯೋಗ್ಯನೆಂಬ ಪ್ರಮಾಣಪತ್ರ ಕೊಡಬೇಕೆಂಬುದು ನಮ್ಮ ನಿಯಮ, ಅದೂ ಸಿಕ್ಕಿತು. ಬಕೆಟ್ಟಿಗೆ ಅಯೋಗ್ಯನಾದವನು ಎಂಟು ತಾಸಿನ ಕುರ್ಚಿಗೆ ಯೋಗ್ಯನೆಂದು ಒಂದೇ ವಾರದಲ್ಲಿ, ಒಂದೇ ಕೈಯಿಂದ ಬರೆದು ಬಂತು. ನೋವು ಉಳಿದಿದ್ದುದು ಆ ಕುರ್ಚಿಯಲ್ಲಿ ಕುಳಿತಾಗಲೇ ಎಂಬುದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಅವ್ವ ವಿಜಯಪುರದ ಮನೆಯ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾದ ಮೇಲೆ ಕೋಥರೂಡಿಗೆ ಕರೆತಂದೆವು. ದಿನಕ್ಕೆ ಏಳೆಂಟು ಸಲ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಬೇಕು, ಕುರ್ಚಿಗೆ ಸಾಗಿಸಬೇಕು. ಎತ್ತುತ್ತಿದ್ದವರು ನನ್ನ ಹೆಂಡತಿ ಮತ್ತು ಹದಿನೈದು ವರ್ಷದ ಮಗಳು. ಮೊದಲ ದಿನ ನಾನು ಮುಂದೆ ಹೋದೆ. ಅವ್ವನೇ ತಡೆದಳು: "ನೀ ಸರಿಯೋ ಯಪ್ಪಾ, ನಿನ್ನ ನಡಾನ ಸುದ್ದ ಇಲ್ಲ. ಅಕಿ ಎತ್ತತಾಳ." ಹೆಂಡತಿ, "ನೀವು ಬಾಗಿಲಾ ಹಿಡೀರಿ" ಎಂದಳು. ನಾನು ಬಾಗಿಲು ಹಿಡಿದು ನಿಂತೆ. ಜನವರಿ ಪೂರ್ತಿ ಬಾಗಿಲು ಹಿಡಿದೆ. ನೂರಿಪ್ಪತ್ತೈದು ಕಿಲೋ ಎತ್ತಿದ್ದ ಮನುಷ್ಯ ನಲವತ್ತೊಂದು ಕಿಲೋದ ತಾಯಿಯನ್ನು ಮುಟ್ಟಲು ಹೆದರಿ ಬಾಗಿಲ ಬಳಿ ನಿಂತಿದ್ದ ಚಿತ್ರ, ಎಂ.ಆರ್.ಐ. ಚಿತ್ರಕ್ಕಿಂತ ಸ್ಪಷ್ಟವಾಗಿ ನನ್ನ ಬಳಿ ಉಳಿದಿದೆ.

ಆ ನಾಚಿಕೆಯಲ್ಲೇ ಓದತೊಡಗಿದೆ. 2015ರಲ್ಲಿ ಅಮೆರಿಕದ ನರವಿಕಿರಣಶಾಸ್ತ್ರದ ಪತ್ರಿಕೆಯೊಂದರಲ್ಲಿ ಬ್ರಿನ್‌ಜಿಕ್ಜಿ ಮತ್ತು ಸಂಗಡಿಗರು ಒಂದು ಸಮೀಕ್ಷೆ ಪ್ರಕಟಿಸಿದ್ದಾರೆ. ಅವರು 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ಬೆನ್ನುನೋವೇ ಇಲ್ಲದ 3,110 ಜನರ ಬೆನ್ನಿನ ಚಿತ್ರಗಳಲ್ಲಿ ಏನು ಕಂಡಿತೆಂದು ನೋಡಿದರು. ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಯಲ್ಲಿ ಡಿಸ್ಕಿನ ಸವೆತ, 30 ಮಂದಿಯಲ್ಲಿ ಉಬ್ಬು. ನಲವತ್ತರ ವಯಸ್ಸಿಗೆ ಸವೆತ 68, ಉಬ್ಬು 50. ಎಂಬತ್ತಕ್ಕೆ ಸವೆತ 96. ಎಂದರೆ ನಮ್ಮ ಕಚೇರಿಯ ನಲವತ್ತು ದಾಟಿದ ಗಂಡಸರನ್ನೆಲ್ಲ ಸಾಲಾಗಿ ಆ ಯಂತ್ರದೊಳಗೆ ಮಲಗಿಸಿದರೆ, ಎಂದೂ ಬೆನ್ನು ನೋಯದವರಲ್ಲಿಯೂ ಅರ್ಧದಷ್ಟು ಮಂದಿಗೆ ನನ್ನ ವರದಿಯೇ ಬರುತ್ತಿತ್ತು. ಚಿತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ತಲೆಗೂದಲು ನರೆತದ್ದೂ ಸುಳ್ಳಲ್ಲ. ಆದರೆ ತಲೆನೋವಿಗೆ ಅದೇ ಕಾರಣವೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಅಧ್ಯಯನ ಸರ್ಕಾರಿ ನೌಕರನಾದ ನನಗೆ ವಿಶೇಷವಾಗಿ ಹತ್ತಿರದ್ದು. 1995ರಲ್ಲಿ ಫಿನ್ಲೆಂಡಿನ ವೈದ್ಯರು ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆಸಿದ್ದು. ಆಗಷ್ಟೇ ಬೆನ್ನು ಹಿಡಿದುಕೊಂಡಿದ್ದ ಇವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಎಂದಿನ ಕೆಲಸ. ಮೂರು ವಾರದ ನಂತರವೂ ಹನ್ನೆರಡು ವಾರದ ನಂತರವೂ ಎಲ್ಲರಿಗಿಂತ ಮುಂದಿದ್ದವರು ಎಂದಿನ ಕೆಲಸ ಮಾಡಿಕೊಂಡಿದ್ದವರು. ಹಾಸಿಗೆ ಹಿಡಿದವರದು ಎಲ್ಲಕ್ಕಿಂತ ನಿಧಾನ. ಇದು ಪ್ರಕಟವಾಗಿ ಮೂವತ್ತು ವರ್ಷ ಕಳೆದಿದೆ. 'ಬಗ್ಗಬೇಡಿ' ಎಂಬ ಚೀಟಿಗಳು ಇನ್ನೂ ಬರೆಯಲ್ಪಡುತ್ತಿವೆ.

ವೈದ್ಯರನ್ನು ಇಷ್ಟು ಬೈದ ಮೇಲೆ ನನ್ನ ಪಾಲನ್ನೂ ಹೇಳಬೇಕು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ತುಸು ಎತ್ತರವಾಗಿರುವುದು ಅದಕ್ಕೇ. ಎದ್ದ ಮೊದಲ ಒಂದು ತಾಸಿನಲ್ಲಿ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಬಾಗುವುದನ್ನು ತಡೆದದ್ದರಿಂದಲೇ ಹಳೆಯ ಬೆನ್ನುನೋವು ಕಡಿಮೆಯಾದದ್ದನ್ನು 1998ರ ಒಂದು ಅಧ್ಯಯನ ತೋರಿಸಿದೆ. ನಾನಾದರೋ ರಾತ್ರಿಯೆಲ್ಲ ಬಸ್ಸಿನಲ್ಲಿ ಬೆನ್ನು ಬಾಗಿಸಿ ಕುಳಿತು, ನಿದ್ದೆಗೆಟ್ಟು, ಬಂದ ಅರ್ಧ ತಾಸಿಗೆ ನೂರಮೂವತ್ತು ಕಿಲೋದ ಮುಂದೆ ಬಾಗಿದ್ದೆ. ಬಾರ್ ಕಾಲಿನಿಂದ ದೂರ ಸರಿದಷ್ಟೂ ಸೊಂಟಕ್ಕೆ ಅದೇ ಭಾರ ಹೆಚ್ಚಾಗುತ್ತದೆ. ತುಂಬಿದ ಕೊಡವನ್ನು ಕಂಕುಳಲ್ಲಿ ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಇಷ್ಟನ್ನು ನಮ್ಮ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಎಂ.ಎ. ಮಾಡಿದ ನನಗೆ ಬೇಕಾಯಿತು.

2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸಾಂಗಲಿಯ ಸಂಕೇತ ಸರಗರ್ ಬೆಳ್ಳಿ ಗೆದ್ದರು. ಅದೇ ದಿನ ನಮ್ಮ ಕುಂದಾಪುರದ ವಂಡ್ಸೆಯ ಗುರುರಾಜ ಪೂಜಾರಿ 269 ಕಿಲೋ ಎತ್ತಿ ಕಂಚು ಪಡೆದರು. ಸಂಕೇತರಿಗೆ ಚಿನ್ನ ತಪ್ಪಿದ್ದು ಒಂದೇ ಒಂದು ಕಿಲೋದಿಂದ. ಎರಡನೆಯ ಯತ್ನದಲ್ಲಿ ಮೊಣಕೈಗೆ ಪೆಟ್ಟಾಗಿದ್ದರೂ ಮೂರನೆಯ ಸಲ ಅವರು 139ಕ್ಕೆ ಮತ್ತೆ ಕೈ ಹಾಕಿದರು. ದೇಶದ ಚಿನ್ನ ಒಂದು ಕಿಲೋ ದೂರದಲ್ಲಿದ್ದಾಗ ಹಾಗೆ ಮಾಡುವುದಕ್ಕೊಂದು ಅರ್ಥವಿದೆ. ಪೌಡ ರಸ್ತೆಯ ಗಲ್ಲಿಯಲ್ಲಿ ಬೆಳಗಿನ ಆರಕ್ಕೆ ನನಗಾಗಿ ಯಾರೂ ಪದಕ ಹಿಡಿದು ನಿಂತಿರಲಿಲ್ಲ. ಇದ್ದವರು ಇಬ್ಬರು ಹುಡುಗರು. ಅವರಲ್ಲೊಬ್ಬ ಮೊಬೈಲು ನೋಡುತ್ತಿದ್ದ.

ಫೆಬ್ರವರಿಯಲ್ಲಿ ಡಹಾಣೂಕರ್ ಕಾಲೊನಿಯ ಕಡೆ ಇರುವ ಒಬ್ಬ ಫಿಸಿಯೊಥೆರಪಿಸ್ಟರ ಬಳಿ ಹೋದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತೆಲ್ಲ ಮರಾಠಿಯಲ್ಲಿ. ಎಂ.ಆರ್.ಐ. ಲಕೋಟೆಯನ್ನು ಮುಂದಿಟ್ಟೆ. ಓದಿ ಪಕ್ಕಕ್ಕಿಟ್ಟರು. ಕಾಲಿನ ಬಲ, ಸ್ಪರ್ಶ, ಮೊಣಕಾಲಿನ ಪ್ರತಿಕ್ರಿಯೆ ನೋಡಿದರು. ಎಲ್ಲಿ ನೋವು ಎಂದು ಕೇಳುವರೆಂದುಕೊಂಡಿದ್ದೆ. "ಕಾಕಾ, ನಿಮಗೆ ಏನು ಮಾಡಲಾಗಬೇಕು?" ಎಂದು ಕೇಳಿದರು. ನನ್ನ ತಾಯಿಯನ್ನು ಎತ್ತಲಾಗಬೇಕು ಎಂದೆ. ಗಂಟಲು ಕಟ್ಟಿತ್ತು. ಅವರು ಅದನ್ನು ಗಮನಿಸದಂತೆ, "ತೂಕ ಎಷ್ಟು?" ಎಂದರು. ನಲವತ್ತೊಂದು. "ಹಾಗಾದರೆ ನಾವು ಎಂಬತ್ತರವರೆಗೆ ಹೋಗಬೇಕು." ನನಗೆ ತಮಾಷೆಯೆನಿಸಿತು. ಅವರು ವಿವರಿಸಿದರು. ಬಾರಿಗೆ ಹಿಡಿಕೆಯಿದೆ, ಅದು ಅಲುಗುವುದಿಲ್ಲ, ಹೆದರುವುದಿಲ್ಲ. ಮುದುಕಿಗೆ ಹಿಡಿಕೆಯಿಲ್ಲ, ಹೆದರಿ ಕೊರಳಿಗೆ ಜೋತುಬೀಳುತ್ತಾಳೆ, ಮಂಚಕ್ಕೂ ಗೋಡೆಗೂ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ಬೆನ್ನಿನಲ್ಲಿ ಎರಡರಷ್ಟು ಉಳಿತಾಯ ಬೇಕು. ಏಳು ತಿಂಗಳಲ್ಲಿ ನಾನು ಕೇಳಿದ ಮೊದಲ ವಿವೇಕದ ಮಾತು ಅದು.

ಮೊದಲ ಎರಡು ವಾರ ಬರೀ ನಡಿಗೆ: ಹತ್ತು ನಿಮಿಷ, ದಿನಕ್ಕೆ ಮೂರು ಸಲ, ಗುಡ್ಡವಲ್ಲ, ವನಾಜ್‌ನಿಂದ ಆನಂದನಗರದವರೆಗೆ ಮೆಟ್ರೋ ಕಂಬಗಳ ಕೆಳಗಿನ ಸಮತಟ್ಟು ಹಾದಿ. ಜೊತೆಗೆ ನೆಲದ ಮೇಲೆ ಮೂರು ವ್ಯಾಯಾಮ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾದವು: ಅಂಗಾತ ಮಲಗಿ ತಲೆ ಮತ್ತು ಹೆಗಲನ್ನು ಮಾತ್ರ ತುಸು ಎತ್ತುವುದು, ಒಂದು ಮಗ್ಗುಲಲ್ಲಿ ಮೊಣಕೈಯೂರಿ ದೇಹವನ್ನು ಹಲಗೆಯಂತೆ ಹಿಡಿಯುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ ಮತ್ತು ಎದುರು ಕಾಲನ್ನು ಚಾಚುವುದು. ಮೂರನೆಯ ವಾರ ಒಂದು ಉದ್ದನೆಯ ಕೋಲನ್ನು ಬೆನ್ನಿಗೆ ಹಿಡಿಸಿದರು. ತಲೆಯ ಹಿಂಭಾಗ, ಬೆನ್ನಿನ ನಡು, ಬಾಲದ ಮೂಳೆ ಈ ಮೂರೂ ಕೋಲಿಗೆ ತಾಗಿರುವಂತೆ ಬಾಗಬೇಕು. ನನಗೆ ಬರಲಿಲ್ಲ. "ಎರಡೂ ಕೈಯಲ್ಲಿ ಪಾತ್ರೆಯಿದೆ, ಹಿಂದೆ ಕಪಾಟಿನ ಬಾಗಿಲು ತೆರೆದಿದೆ, ಹೇಗೆ ಮುಚ್ಚುತ್ತೀರಿ?" ಎಂದರು. ಹಿಂಭಾಗದಿಂದ ತಳ್ಳಿ ತೋರಿಸಿದೆ. "ಅದೇ ಡೆಡ್‌ಲಿಫ್ಟ್." ಒಂದೂವರೆ ವರ್ಷ ಜಿಮ್ಮಿಗೆ ಹಣ ಕಟ್ಟಿದರೂ ಇದನ್ನು ಯಾರೂ ಹೇಳಿರಲಿಲ್ಲ. ನಾನು ಸೊಂಟದ ಕೀಲಿನಿಂದ ಬಾಗದೆ ಬೆನ್ನನ್ನೇ ಮಡಚುತ್ತಿದ್ದೆ. ಭಾರ ಕಡಿಮೆಯಿರುವವರೆಗೆ ನಡೆದುಹೋಗಿತ್ತು.

ಆಮೇಲೆ ಹತ್ತು ಕಿಲೋದ ಸೂಟ್‌ಕೇಸು. ಆಮೇಲೆ ಜಿಮ್ಮಿಗೆ ಮರಳಿ, ಬಾರನ್ನು ಮೊಣಕಾಲಿನ ಎತ್ತರಕ್ಕೆ ಅಟ್ಟಣೆಯ ಮೇಲಿಟ್ಟು ಮೂವತ್ತು ಕಿಲೋ. ವಾರಕ್ಕೆ ಎರಡೂವರೆ ಕಿಲೋ ಏರಿಕೆ. ತರಬೇತುದಾರನಿಗೆ ಇದು ಹಿಡಿಸಲಿಲ್ಲ. ಹುಡುಗರು ನೂರೈವತ್ತು ಎತ್ತುವ ಮೂಲೆಯಲ್ಲಿ ಕಾಕಾ ಮೂವತ್ತನ್ನು ಪೀಠದ ಮೇಲಿಟ್ಟು ಪೂಜಿಸುತ್ತಿದ್ದಾರೆಂದು ನಕ್ಕ. ನೋವಿಗೆ ಅವರು ಕೊಟ್ಟ ಲೆಕ್ಕ ಸರಳವಾಗಿತ್ತು: ಹತ್ತರಲ್ಲಿ ಮೂರರವರೆಗೆ ಇದ್ದರೆ ಮುಂದುವರಿಸಿ, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಸರಿ, ಇಲ್ಲವಾದರೆ ಮುಂದಿನ ಸಲ ಇಳಿಸಿ. ನಿಲ್ಲಿಸಿ ಎಂದು ಅವರು ಹೇಳಿದ್ದು ಒಮ್ಮೆಯೂ ಇಲ್ಲ. ಆಗಸ್ಟಿನಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಎತ್ತಿ ಹಾಗೇ ತಿರುಗಿದಾಗ ಮತ್ತೆ ಚಳಕು ಬಂತು. ಎಲ್ಲ ಮುಗಿಯಿತೆಂದು ನಡುಗುತ್ತ ಫೋನು ಮಾಡಿದೆ. "ಈ ವಾರ ಅರ್ಧ ಭಾರ ಎತ್ತಿ" ಎಂದರು. ನಾಲ್ಕು ದಿನದಲ್ಲಿ ಹೋಯಿತು. ನಿಜವಾಗಿ ನನ್ನ ಭಯ ಬಿಟ್ಟುಹೋದದ್ದು ಆ ನಾಲ್ಕು ದಿನಗಳಲ್ಲಿ. ನೋವು ಬಂದು, ಏನನ್ನೂ ಮುರಿಯದೆ, ತಾನಾಗಿ ಹೋದದ್ದನ್ನು ಕಣ್ಣಾರೆ ಕಂಡಂತಾಯಿತು.

ಇದು ನನ್ನೊಬ್ಬನ ಅದೃಷ್ಟವೆಂದು ಮಿತ್ರರು ಹೇಳಬಹುದು. ಮೀರಾಬಾಯಿ ಚಾನು ಅವರನ್ನು ನೆನೆಯಿರಿ. 2017ರಲ್ಲಿ ವಿಶ್ವ ಚಾಂಪಿಯನ್, 2018ರ ಏಪ್ರಿಲಿನಲ್ಲಿ ಗೋಲ್ಡ್ ಕೋಸ್ಟಿನಲ್ಲಿ ಚಿನ್ನ, ಅದರ ಬೆನ್ನಿಗೇ ಕೆಳಬೆನ್ನಿನ ನೋವು. ಆ ವರ್ಷದ ಏಷ್ಯನ್ ಕ್ರೀಡೆಗಳೂ ವಿಶ್ವ ಚಾಂಪಿಯನ್‌ಷಿಪ್ಪೂ ತಪ್ಪಿದವು. 2019ರ ಫೆಬ್ರವರಿಯಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಬಾರ್ ಹಿಡಿದರು. 2021ರ ಜುಲೈ 24ರಂದು ಟೋಕಿಯೋದಲ್ಲಿ 202 ಕಿಲೋ, ಒಲಿಂಪಿಕ್ ಬೆಳ್ಳಿ. ಅವರ ಹಿಂದೆ ತಜ್ಞರ ಪಡೆಯಿತ್ತು, ನಿಜ. ಆದರೆ ಆ ಪಡೆ ಅವರಿಗೆ 'ಐದು ಕಿಲೋಗಿಂತ ಹೆಚ್ಚು ಎತ್ತಬೇಡಿ' ಎಂದು ಬರೆದುಕೊಡಲಿಲ್ಲ.

ನಮ್ಮಂಥ ಓದುಬರಹದವರ ವಲಯದಲ್ಲಿ ಕಬ್ಬಿಣ ಎತ್ತುವುದೆಂದರೆ ಒಂದು ಬಗೆಯ ತಾತ್ಸಾರವಿದೆ. ಯೋಗವಾದರೆ ಗೌರವ, ನಡಿಗೆಯಾದರೆ ವಿವೇಕ, ಬಾರ್ಬೆಲ್ಲಾದರೆ ನಲವತ್ತರ ಚಪಲ. 'ಶಾಂತಲಾ' ಮತ್ತು 'ರೂಪದರ್ಶಿ'ಗಳನ್ನು ಮೆಚ್ಚಿ ಓದಿದವರು ಅವುಗಳ ಕರ್ತೃ ಕೆ.ವಿ. ಅಯ್ಯರ್ ಯಾರೆಂಬುದನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ಶಿಷ್ಯರಿಗೆ ಅಂಗಸಾಧನೆ ಕಲಿಸಿ, ಬಾರ್ಬೆಲ್ ಮತ್ತು ಯೋಗಾಸನ ಎರಡನ್ನೂ ಒಂದೇ ಸಾಧನೆಯೊಳಗೆ ಬೆಸೆದವರು ಅವರು. ಕೈಲಾಸಂ ಅವರ ಆಪ್ತಮಿತ್ರರೂ ಹೌದು. ಕನ್ನಡ ಸಾಹಿತ್ಯಕ್ಕೂ ಕಬ್ಬಿಣಕ್ಕೂ ಹಗೆಯೇನೂ ಇಲ್ಲ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆ ನೋಡಿಯೇ ನಾನು ಬೆಳೆದದ್ದು. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಚೀಲ. ಗುಂಡುಕಲ್ಲನ್ನು ಎತ್ತುವವನ ಬೆನ್ನು ಕೋಲಿನ ಹಾಗೆ ನೆಟ್ಟಗಿರುವುದಿಲ್ಲ. ಅವನು ಕಲ್ಲಿನ ಮೇಲೆ ಬಾಗಿ, ಅದನ್ನು ತೊಡೆಗೆ ಏರಿಸಿಕೊಂಡು, ಎದೆಗೆ ಅಪ್ಪಿ ಏಳುತ್ತಾನೆ. ಬಾಗುವುದೇ ಅಪರಾಧವಾಗಿದ್ದರೆ ಆ ಜಾತ್ರೆ ಯಾವಾಗಲೋ ನಿಲ್ಲುತ್ತಿತ್ತು. ಅವರು ಚಿಕ್ಕ ಕಲ್ಲಿನಿಂದ ದೊಡ್ಡ ಕಲ್ಲಿಗೆ ವರ್ಷಗಳನ್ನು ತೆಗೆದುಕೊಳ್ಳುತ್ತಾರೆ. ನಾನು ಹದಿನೆಂಟು ತಿಂಗಳಲ್ಲಿ ಅವಸರ ಪಟ್ಟೆ.

ಆದರೆ ಇಲ್ಲಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ನಾನು ಇಷ್ಟಪಟ್ಟು, ಹಣ ಕೊಟ್ಟು ಭಾರ ಎತ್ತುತ್ತೇನೆ. ನನ್ನ ಅಪ್ಪ ಗುಮಾಸ್ತರಾಗಿದ್ದ ದಲ್ಲಾಳಿ ಅಂಗಡಿಯ ಹಮಾಲರು ಕ್ವಿಂಟಲಿನ ಚೀಲ ಹೊರುತ್ತಿದ್ದುದು ಇಷ್ಟಕ್ಕಲ್ಲ. ಅಲ್ಲಿಯೂ ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುತ್ತಿದ್ದರು; ಒಬ್ಬನೇ ನೆಲದಿಂದ ಎತ್ತುವ ಮೂರ್ಖತನ ಯಾರೂ ಮಾಡುತ್ತಿರಲಿಲ್ಲ. ಆದರೂ ನಲವತ್ತೈದಕ್ಕೆ ಅವರ ಬೆನ್ನು ಬಾಗಿಹೋಗಿರುತ್ತಿತ್ತು. ದಿನಕ್ಕೆ ನೂರಾರು ಚೀಲ, ನೋವೆದ್ದ ದಿನ ಇಳಿಸುವ ಸ್ವಾತಂತ್ರ್ಯವಿಲ್ಲ, ಬಿಡುವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸಿಗೆ 55 ಕಿಲೋದ ಮಿತಿಯನ್ನು ಶಿಫಾರಸು ಮಾಡಿತ್ತು. ಆ ವರ್ಷದ ಒಡಂಬಡಿಕೆಯನ್ನು ನಮ್ಮ ದೇಶ ಅಂಗೀಕರಿಸಿದ್ದು 2010ರಲ್ಲಿ. ಇದೇ ಪುಣೆಯಲ್ಲಿ ಬಾಬಾ ಆಢಾವ್ ಕಟ್ಟಿದ ಹಮಾಲ ಪಂಚಾಯತ್ ಚೀಲದ ತೂಕ ಇಳಿಸಲು ಹೋರಾಡಿತು. ಭಾರ ಬೆನ್ನನ್ನು ಬಲಪಡಿಸುತ್ತದೆಂದು ನಾನು ಹೇಳುವಾಗ, ಏರಿಸುವ ಮತ್ತು ಇಳಿಸುವ ಅಧಿಕಾರ ಎತ್ತುವವನ ಕೈಯಲ್ಲಿದ್ದಾಗ ಎಂದು ಸೇರಿಸಿ ಓದಿಕೊಳ್ಳಬೇಕು.

ಎಲ್ಲ ಬೆನ್ನುನೋವೂ ಹೀಗೆ ನಡೆದು ಕಳೆಯುವಂಥದಲ್ಲ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ, ಕಾಲು ದಿನದಿನಕ್ಕೆ ಸೋಲುತ್ತ ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದ ತೂಕ ಇಳಿತ, ಹಿಂದೆ ಕ್ಯಾನ್ಸರ್ ಬಂದ ಚರಿತ್ರೆ, ಬಿದ್ದ ಪೆಟ್ಟು ಇದ್ದರೂ ವೈದ್ಯರನ್ನು ಕಾಣದೆ ಕೂರಬಾರದು. ನನ್ನ ಫಿಸಿಯೊಥೆರಪಿಸ್ಟ್ ಮೊದಲ ಹತ್ತು ನಿಮಿಷ ಕಳೆದದ್ದು ಇವು ಯಾವುದೂ ಇಲ್ಲವೆಂದು ಖಚಿತಪಡಿಸಿಕೊಳ್ಳುವುದರಲ್ಲೇ.

ಜಿಮ್ಮುಗಳ ಮೇಲೂ ನನ್ನ ತಕರಾರಿದೆ. ಇಪ್ಪತ್ತು ಕಿಲೋದ ಅಧಿಕೃತ ಪ್ಲೇಟಿನ ವ್ಯಾಸ 450 ಮಿಲಿಮೀಟರು; ಆಗ ಬಾರ್ ನೆಲದಿಂದ 225 ಮಿಲಿಮೀಟರು ಎತ್ತರದಲ್ಲಿರುತ್ತದೆ. ಹೊಸಬರಿಗೆ ಹಗುರವೆಂದು ಐದೋ ಹತ್ತೋ ಕಿಲೋದ ಚಿಕ್ಕ ಪ್ಲೇಟು ಹಾಕಿಕೊಡುತ್ತಾರೆ. ಬಾರ್ ಇನ್ನೂ ಕೆಳಗಿಳಿಯುತ್ತದೆ. ಬಾಗಲು ಬಾರದವನೇ ಎಲ್ಲರಿಗಿಂತ ಹೆಚ್ಚು ಬಾಗಬೇಕಾಗುತ್ತದೆ. ಅಡಿಗೆ ಎರಡು ಮರದ ಹಲಗೆ ಇಟ್ಟರೆ ಸಾಕು, ಖರ್ಚಿಲ್ಲದ ಕೆಲಸ. ನಮ್ಮ ಜಿಮ್ಮಿನ ಗೋಡೆಯ ಮೇಲೆ ನೋವನ್ನು ಹೊಗಳುವ ಇಂಗ್ಲಿಷ್ ಘೋಷಣೆ ದೊಡ್ಡ ಅಕ್ಷರದಲ್ಲಿದೆ, ಹಲಗೆ ಇರಲಿಲ್ಲ. ಈಗ ಇದೆ. ನಾನೇ ಒಬ್ಬ ಬಡಗಿಯಿಂದ ಮಾಡಿಸಿ ತಂದಿಟ್ಟೆ. ನಕ್ಕಿದ್ದ ತರಬೇತುದಾರ ಹೊಸದಾಗಿ ಸೇರಿದವರನ್ನು ಅದರ ಮೇಲಿಂದಲೇ ಆರಂಭಿಸುತ್ತಾನೆ. ಅದು ತನ್ನದೇ ಯೋಚನೆಯೆಂದು ಹೇಳಿಕೊಳ್ಳುತ್ತಾನಂತೆ. ಹೇಳಿಕೊಳ್ಳಲಿ.

ನಾನು ಎಂಬತ್ತು ಮುಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅವ್ವ ವಾಕರ್ ಹಿಡಿದು ನಡೆಯತೊಡಗಿದ್ದಳು, ಎತ್ತುವ ಅಗತ್ಯ ಬಹುಪಾಲು ಮುಗಿದಿತ್ತು. ಬೇಸಿಗೆಯಲ್ಲಿ, ಬಾರಿನ ಮೇಲೆ ನಲವತ್ತೈದು ದಾಟಿದ ವಾರ, ಮೊದಲ ಸಲ ಅವಳನ್ನು ಮಂಚದಿಂದ ಕುರ್ಚಿಗೆ ಎತ್ತಿದ್ದೆ. ಹೆಂಡತಿ ಬಾಗಿಲು ಹಿಡಿದಿದ್ದಳು. ಅವ್ವ ಕಣ್ಣು ಮುಚ್ಚಿಕೊಂಡು, "ಸಾವಕಾಶೋ, ಸಾವಕಾಶ" ಎನ್ನುತ್ತಿದ್ದಳು. ಅದು ಅವಳಿಗಾಗಿಯೋ ನನ್ನ ನಡುವಿಗಾಗಿಯೋ ತಿಳಿಯಲಿಲ್ಲ. ದೀಪಾವಳಿಗೆ ಊರಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಕಾರಿನ ಸೀಟಿನಿಂದ ಎತ್ತಿ ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿದ್ದು ನಾನೇ.

ಈಗ ತೊಂಬತ್ತು ಕಿಲೋದಲ್ಲಿ ಐದೈದು ಸಲದ ಮೂರು ಸುತ್ತು ಎತ್ತುತ್ತೇನೆ. ನೂರಮೂವತ್ತನ್ನು ಮತ್ತೆ ಮುಟ್ಟಿಲ್ಲ, ಆಸೆಯಿಲ್ಲವೆಂದರೆ ಸುಳ್ಳಾದೀತು. ಒಮ್ಮೊಮ್ಮೆ ಕಚೇರಿಯಲ್ಲಿ ಮೂರು ತಾಸು ಏಳದೆ ಕುಳಿತರೆ ಎಡಗಡೆ ಹಳೆಯ ಗೆಳೆಯ ಮಾತಾಡಿಸುತ್ತಾನೆ. ಎದ್ದು ನೀರಿನ ಕೂಲರಿನವರೆಗೆ ಹೋಗಿಬರುತ್ತೇನೆ. ಈ ಶನಿವಾರ ಊರಿಗೆ ಹೋಗುತ್ತಿದ್ದೇನೆ, ಅವ್ವನಿಗೆ ಮೊಣಕಾಲಿನ ಪಟ್ಟಿ ಬೇಕಂತೆ. ಸೋಮವಾರ ನಸುಕಿನಲ್ಲಿ ಬಸ್ಸಿನಿಂದ ಇಳಿದು ಮನೆಗೆ ಬಂದು ಮಲಗುತ್ತೇನೆ. ಜಿಮ್ಮಿಗೆ ಸಂಜೆ.